ಹೆಬ್ಬೆರಳಿನ ಜಾಗ

ನನ್ನ ಬಲಗೈಯ ಹೆಬ್ಬೆರಳನ್ನು ಪೂರ್ತಿಯಾಗಿ ಹೊರಕ್ಕೆ ಚಾಚಿದರೆ ಅದರ ಬುಡದಲ್ಲಿ, ಅಂಗೈಗೆ ಸೇರುವ ಗೆಣ್ಣಿನ ಒಳಮಗ್ಗುಲಲ್ಲಿ, ಇಂದಿಗೂ ಒಂದು ಸಣ್ಣ ಎಳೆತ ಕಾಣಿಸಿಕೊಳ್ಳುತ್ತದೆ. ಅದನ್ನು ನೋವು ಎನ್ನಲಾಗದು. ಬಿಗಿಯಾದ ಡಬ್ಬಿಯ ಮುಚ್ಚಳವನ್ನು ತಿರುಗಿಸುವಾಗ, ತುಂಬಿದ ಕೊಡವನ್ನು ಕಂಠ ಹಿಡಿದು ಎತ್ತುವಾಗ ಮಾತ್ರ ಅದರ ನೆನಪಾಗುತ್ತದೆ. 1994ರ ಮಳೆಗಾಲ ಮುಗಿದ ಮೇಲೆ, ಮೂಡಿಗೆರೆಯ ಆಚೆ ನನ್ನ ಸೋದರಮಾವನ ಕಾಫಿ ತೋಟದಲ್ಲಿ, ಒಂದು ಹಳೆಯ ಜೀಪಿನ ಸ್ಟೇರಿಂಗ್ ಕೊಟ್ಟ ಪೆಟ್ಟು ಅದು. ಮೊನ್ನೆ ಮಗಳಿಗೆ ಕಾರು ಓಡಿಸುವುದನ್ನು ಕಲಿಸಲು ಪಕ್ಕದಲ್ಲಿ ಕುಳಿತಾಗ ಅವಳು ಮೊದಲು ಕೇಳಿದ್ದು ಕ್ಲಚ್ಚಿನ ಬಗ್ಗೆಯಲ್ಲ, ಗೇರಿನ ಬಗ್ಗೆಯೂ ಅಲ್ಲ. “ಅಪ್ಪ, ಹೆಬ್ಬೆರಳು ಎಲ್ಲಿಡಬೇಕು?” ಎಂದಳು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಾವ ನನಗೆ ಜೀಪು ಕಲಿಸಿದ್ದು ಕಾಫಿ ಕಣದಲ್ಲಿ. ಒಣಹಾಕಿದ ಕಾಫಿ ಇಲ್ಲದ ತಿಂಗಳುಗಳಲ್ಲಿ ಆ ಸಿಮೆಂಟಿನ ಅಂಗಳ ಖಾಲಿ ಇರುತ್ತಿತ್ತು. ಅಲ್ಲಿ ನಾಲ್ಕು ದಿನ ಸುತ್ತು ಹೊಡೆಸಿ, ಐದನೆಯ ದಿನ ತೋಟದ ದಾರಿಗೆ ಇಳಿಸುವ ಮೊದಲು ಅವರು ಹೇಳಿದ್ದು ಒಂದೇ ಮಾತು: “ಹೆಬ್ಬೆಟ್ಟು ಒಳಗೆ ಹಾಕಬೇಡ ಮಾರಾಯ, ಹೊರಗೇ ಇರಲಿ. ಸ್ಟೇರಿಂಗ್ ಒದೆಯುತ್ತದೆ.” ಹಸು ಒದೆಯುವುದನ್ನು ನೋಡಿದ್ದೆ, ಬಂದೂಕು ಹೆಗಲಿಗೆ ಒದೆಯುವುದನ್ನು ಕೇಳಿದ್ದೆ. ನನ್ನ ಕೈಯಲ್ಲೇ ಇರುವ, ನಾನೇ ತಿರುಗಿಸುವ ಒಂದು ವಸ್ತು ನನ್ನನ್ನು ಒದೆಯುತ್ತದೆ ಎಂಬುದು ಮನಸ್ಸಿಗೆ ಹತ್ತಲಿಲ್ಲ. ಒಂದು ವಾರ ಹೆಬ್ಬೆರಳನ್ನು ಹೊರಗಿಟ್ಟೆ, ಆಮೇಲೆ ಧೈರ್ಯ ಬಂದಂತೆ ಮರೆತೆ. ಸ್ಟೇರಿಂಗಿನ ದುಂಡನೆಯ ಬಳೆಯನ್ನು ಎಲ್ಲ ಬೆರಳುಗಳಿಂದಲೂ ಸುತ್ತಿ, ಹೆಬ್ಬೆರಳನ್ನು ಒಳಗೆ ಕೊಕ್ಕೆಯಂತೆ ಸಿಕ್ಕಿಸಿ ಹಿಡಿದರೆ ಆಗುವ ಭದ್ರತೆಯ ಅನುಭವ ಬೇರೆ ಹಿಡಿತದಲ್ಲಿ ಸಿಗುವುದಿಲ್ಲ. ಹೆದರಿಕೆಯಾದಾಗ ಕೈ ತಾನಾಗಿಯೇ ಆ ಹಿಡಿತಕ್ಕೆ ಹೋಗುತ್ತದೆ. ಮಗು ಅಮ್ಮನ ಬೆರಳನ್ನು ಹಿಡಿಯುವುದೂ ಹಾಗೆಯೇ.

ಅಂದು ಹಿಂದೆ ಗೊಬ್ಬರದ ಚೀಲಗಳಿದ್ದವು. ಸಿಲ್ವರ್ ಓಕ್ ಮರಗಳ ನಡುವಿನ ಇಳಿಜಾರು ದಾರಿ ತರಗೆಲೆಯಿಂದ ಮುಚ್ಚಿಹೋಗಿತ್ತು. ಎಲೆಯಡಿಯ ಬೇರೊಂದಕ್ಕೆ ಎಡ ಮುಂಚಕ್ರ ಬಡಿಯಿತು. ಜೀಪು ಓಡುತ್ತಿದ್ದುದು ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಮಾತ್ರ. ಆದರೂ ಸ್ಟೇರಿಂಗ್ ಎಡಕ್ಕೆ ಗರ್ರನೆ ತಿರುಗಿತು, ಬಲಗೈಯ ಕೆಳಗೆ ಬಳೆಯನ್ನು ಸ್ಟೇರಿಂಗಿನ ನಡುವಿಗೆ ಸೇರಿಸುವ ಕಡ್ಡಿ ಮೇಲೆದ್ದು ಬಂದು ಹೆಬ್ಬೆರಳನ್ನು ಅಂಗೈಯಿಂದ ಆಚೆಗೆ ಮಡಿಸಿಹಾಕಿತು. ಶಬ್ದವೇನೂ ಆಗಲಿಲ್ಲ. ಮೂಳೆ ಮುರಿದಿಲ್ಲ, ಗೆಣ್ಣಿನ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿದೆ ಎಂದು ಡಾಕ್ಟರು ಹೇಳಿ ಪ್ಲಾಸ್ಟರ್ ಹಾಕಿದರು. ಅದೇ ಕಟ್ಟಿಗೆ ಆಗುವ ಗಾಯಕ್ಕೆ ವೈದ್ಯಕೀಯದಲ್ಲಿ ಬೇಟೆಕಾವಲುಗಾರರ ಹೆಬ್ಬೆರಳು ಎಂಬ ಹೆಸರಿದೆ ಎಂದು ಬಹಳ ವರ್ಷಗಳ ನಂತರ ಓದಿದೆ. ಮೊಲಗಳ ಕತ್ತು ಮುರಿಯುವ ಕೆಲಸ ಮಾಡುತ್ತಿದ್ದ ಸ್ಕಾಟ್ಲೆಂಡಿನ ಕಾವಲುಗಾರರಲ್ಲಿ ಅದನ್ನು ಗುರುತಿಸಿ 1955ರಲ್ಲಿ ವಿವರಿಸಲಾಯಿತು. ಈಗ ಹಿಮದ ಮೇಲೆ ಜಾರುವವರಲ್ಲಿ, ಕೈಯಲ್ಲಿ ಕೋಲು ಹಿಡಿದೇ ಬೀಳುವುದರಿಂದ, ಅದು ಹೆಚ್ಚಾಗಿ ಕಾಣಿಸುತ್ತದೆಯಂತೆ. ಮಲೆನಾಡಿನಲ್ಲಿ ಅದಕ್ಕೆ ಜೀಪಿನ ಹೆಬ್ಬೆಟ್ಟು ಎಂದರೆ ತಪ್ಪಾಗದು.

ಒದೆತದ ಲೆಕ್ಕ ಸರಳವಾಗಿದೆ, ಆದರೆ ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಮುಂದಿನ ಚಕ್ರವು ಎಡಕ್ಕೂ ಬಲಕ್ಕೂ ಹೊರಳುವುದು ಕಿಂಗ್ ಪಿನ್ ಎಂಬ ಗೂಟದ ಸುತ್ತ. ಟೈರು ನೆಲವನ್ನು ಮುಟ್ಟುವ ಜಾಗ ಆ ಗೂಟದ ನೇರಕ್ಕೆ ಇರುವುದಿಲ್ಲ, ಹಳೆಯ ಜೀಪುಗಳಲ್ಲಿ ಅದು ಸ್ವಲ್ಪ ಹೊರಗಿರುತ್ತದೆ. ಆದ್ದರಿಂದ ಎಡಚಕ್ರಕ್ಕೆ ಕಲ್ಲು ಅಡ್ಡ ಬಂದರೆ, ಹಿಂದಕ್ಕೆ ತಳ್ಳುವ ಆ ಬಲವು ಚಕ್ರವನ್ನು ಹೊರಕ್ಕೆ, ಅಂದರೆ ಎಡಕ್ಕೆ, ಹೊರಳಿಸುತ್ತದೆ. ಆ ಹೊರಳು ಚಕ್ರಗಳಿಗೆ ಜೋಡಿಸಿದ ಟೈ ರಾಡ್ ಎಂಬ ಸರಳನ್ನು ಹಿಡಿದು, ಸ್ಟೇರಿಂಗ್ ಬಾಕ್ಸ್ ಎಂಬ ಹಲ್ಲುಗಾಲಿಗಳ ಪೆಟ್ಟಿಗೆಯ ಮೂಲಕ, ಉದ್ದನೆಯ ಕಂಬವನ್ನು ಹತ್ತಿ ನಮ್ಮ ಕೈಗೆ ಬರುತ್ತದೆ. ನಾವು ಸ್ಟೇರಿಂಗನ್ನು ಹೆಚ್ಚು ತಿರುಗಿಸಿ ಚಕ್ರವನ್ನು ಕಡಿಮೆ ಹೊರಳಿಸುವುದೇ ಆ ಬಾಕ್ಸಿನ ಉದ್ದೇಶವಾದ್ದರಿಂದ, ಅದೇ ದಾರಿಯಲ್ಲಿ ಹಿಂದಕ್ಕೆ ಬಂದದ್ದು ಅಷ್ಟೇ ಪಟ್ಟು ದೊಡ್ಡದಾಗಿ ಬರುತ್ತದೆ. ಅನುಪಾತ 15ಕ್ಕೆ 1 ಎಂದಿಟ್ಟುಕೊಂಡರೆ, ಕಲ್ಲು ಚಕ್ರವನ್ನು 10 ಡಿಗ್ರಿ ಹೊರಳಿಸಿದಾಗ ಸ್ಟೇರಿಂಗ್ 150 ಡಿಗ್ರಿ ಸುತ್ತುತ್ತದೆ. ಇದು ಅರ್ಧ ಸುತ್ತಿಗೆ ತುಸು ಕಡಿಮೆ, ಅದೂ ಕಣ್ಣೆವೆ ಮುಚ್ಚುವಷ್ಟರಲ್ಲಿ. ಬಳೆಯ ಅಂಚಿನಲ್ಲಿ ಸಿಗುವ ಬಲ ಅಂತಹ ಭಾರಿಯೇನೂ ಅಲ್ಲ, ಅಂಗೈ ಅದನ್ನು ತಡೆದುಕೊಳ್ಳಬಲ್ಲದು. ಕೆಡುಕು ಇರುವುದು ವೇಗದಲ್ಲಿ. ಓಡಿ ಬರುವ ಕಬ್ಬಿಣದ ಕಡ್ಡಿಗೆ ಹೆಬ್ಬೆರಳು ಅಡ್ಡ ಸಿಕ್ಕುವುದರಲ್ಲಿ. ಬಳೆ ಅಂಗೈಯೊಳಗೆ ಜಾರಬಲ್ಲದು. ಕಡ್ಡಿ ಜಾರಲಾರದು.

ಇದನ್ನು ತಿಳಿದ ಮೇಲೆ, ಬಾಲ್ಯದಲ್ಲಿ ಕಂಡ ಕೆಲವು ಕೈಗಳು ನನಗೆ ಹೊಸದಾಗಿ ಅರ್ಥವಾದವು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಎಂಜಿನ್ನಿನ ಮುಚ್ಚಳದ ಪಕ್ಕದ ಸೀಟು ಸಿಕ್ಕರೆ ನಾನು ಕಣಿವೆಯನ್ನು ನೋಡುತ್ತಿರಲಿಲ್ಲ, ಡ್ರೈವರನ್ನು ನೋಡುತ್ತಿದ್ದೆ. ಪವರ್ ಸ್ಟೇರಿಂಗ್ ಇಲ್ಲದ ಆ ಕಾಲದ ಬಸ್ಸುಗಳಲ್ಲಿ ಮೊರದಷ್ಟು ಅಗಲದ ಸ್ಟೇರಿಂಗು. ತಿರುವು ಬಂದಾಗ ಅವರು ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಎಳೆಯುತ್ತಿದ್ದರು. ಆದರೆ ಬೆರಳುಗಳು ಬಳೆಯನ್ನು ಸುತ್ತುತ್ತಿದ್ದುದು ಎಳೆಯುವ ಹೊತ್ತಿನಲ್ಲಿ ಮಾತ್ರ. ಮರಳಿ ಬಿಡುವಾಗ ಅಂಗೈ ತೆರೆದುಕೊಳ್ಳುತ್ತಿತ್ತು, ಹೆಬ್ಬೆರಳು ಬಳೆಯ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿರುತ್ತಿತ್ತು, ಬಳೆ ಅಂಗೈಯನ್ನು ಸವರಿಕೊಂಡು ತಾನೇ ಹಿಂದಿರುಗುತ್ತಿತ್ತು. ಅದನ್ನು ನಾನು ಶೋಕಿ ಎಂದುಕೊಂಡಿದ್ದೆ. ಬೆಳಗಿನಿಂದ ಸಂಜೆಯವರೆಗೆ ಘಾಟಿಯಲ್ಲೇ ಬದುಕುವವರು ತಮ್ಮ ಗೆಣ್ಣುಗಳನ್ನು ಉಳಿಸಿಕೊಳ್ಳುವ ಬಗೆ ಅದಾಗಿತ್ತು.

ಮಾವನಿಗೆ ಈ ಪಾಠ ಬಂದದ್ದು ಸ್ಟೇರಿಂಗಿನಿಂದಲೂ ಅಲ್ಲ, ಹ್ಯಾಂಡಲ್ ಹೊಡೆಯುವುದರಿಂದ. ಬ್ಯಾಟರಿ ಕೈಕೊಟ್ಟ ಬೆಳಗಿನಲ್ಲಿ ಜೀಪಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಸುತ್ತಿ ಎಂಜಿನ್ ಎಬ್ಬಿಸಬೇಕಿತ್ತು. ತೋಟದ ಡೀಸೆಲ್ ಪಂಪಿಗೂ ಅದೇ ವಿಧಾನ. ಎಂಜಿನ್ ಒಮ್ಮೊಮ್ಮೆ ಸಮಯಕ್ಕೆ ಮುಂಚೆಯೇ ಹೊತ್ತಿಕೊಂಡು ಹ್ಯಾಂಡಲನ್ನು ಉಲ್ಟಾ ತಿರುಗಿಸಿಬಿಡುತ್ತದೆ. ಹೆಬ್ಬೆರಳು ಹ್ಯಾಂಡಲಿನ ಒಂದು ಬದಿಗೆ, ಉಳಿದ ನಾಲ್ಕು ಬೆರಳು ಇನ್ನೊಂದು ಬದಿಗೆ ಇದ್ದರೆ ಕೈ ಬಿಡಿಸಿಕೊಳ್ಳಲು ದಾರಿಯಿಲ್ಲ. ಐದೂ ಬೆರಳು ಒಂದೇ ಬದಿಗಿದ್ದರೆ ಹ್ಯಾಂಡಲ್ ಬೆರಳುಗಳನ್ನು ಬಿಚ್ಚಿಕೊಂಡು ಹೊರಟುಹೋಗುತ್ತದೆ. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಬದಿಗೆ, ಮುಂಗೈ ಮೂಳೆಯ ತುದಿ ಮುರಿಯುವುದಕ್ಕೆ ಮೂಳೆ ವೈದ್ಯರು ಇಂದಿಗೂ ಶೋಫರ್ ಫ್ರ್ಯಾಕ್ಚರ್ ಎನ್ನುತ್ತಾರೆ. ಕಾರು ಚಾಲಕರ ಮುರಿತವೆಂಬ ಆ ಹೆಸರು ಬಂದದ್ದು ಈ ಹ್ಯಾಂಡಲಿನಿಂದಲೇ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಹ್ಯಾಂಡಲು ಕಾರುಗಳಿಂದ ಕ್ರಮೇಣ ಮರೆಯಾಯಿತು, ಆದರೆ ನಮ್ಮ ತೋಟಗಳಿಗೆ ಆ ಮರೆವು ತಲುಪಲು ಇನ್ನೂ ಬಹಳ ವರ್ಷ ಬೇಕಾಯಿತು. ಹ್ಯಾಂಡಲ್ ಹೋದರೂ ಅದು ಕಲಿಸಿದ್ದು ಕೈಯಲ್ಲಿ ಉಳಿದು ಸ್ಟೇರಿಂಗಿಗೆ ದಾಟಿತು. ಮಾವನಂಥವರು ಕಾರಣವನ್ನು ವಿವರಿಸದೆ ಮಾತನ್ನಷ್ಟೇ ದಾಟಿಸುತ್ತಿದ್ದುದು ಬಹುಶಃ ಆ ಕಾರಣ ಅವರಿಗೆ ವಿವರಣೆ ಬೇಡದಷ್ಟು ಸ್ಪಷ್ಟವಾಗಿದ್ದುದರಿಂದ. ನನ್ನ ಪೀಳಿಗೆಗೆ ಅದು ಸ್ಪಷ್ಟವಿರಲಿಲ್ಲ, ನನ್ನ ಮಗಳಿಗಂತೂ ಇರಲು ಸಾಧ್ಯವೇ ಇಲ್ಲ.

ಹಾಗಾದರೆ ಹೆಬ್ಬೆರಳು ಯಾವಾಗಲೂ ಹೊರಗೇ ಇರಬೇಕೇ? ಹಲವು ವರ್ಷ ನಾನು ಹಾಗೆಯೇ ನಂಬಿದ್ದೆ, ಮತ್ತು ಅದು ತಪ್ಪು. ಪವರ್ ಸ್ಟೇರಿಂಗ್ ಬಂದ ಮೇಲೆ ಒದೆತದ ಬಹುಪಾಲನ್ನು ಎಣ್ಣೆಯ ಒತ್ತಡವೋ, ಈಗಿನ ಕಾರುಗಳಲ್ಲಿ ವಿದ್ಯುತ್ ಮೋಟಾರೋ ನುಂಗಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಎಡವಲು ಬೇರುಗಳಿಲ್ಲ. ಹೆದ್ದಾರಿಯಲ್ಲಿ ಬರುವ ಅಪಾಯವೇ ಬೇರೆ: ಮುಂದಿನ ಲಾರಿ ಸೂಚನೆಯಿಲ್ಲದೆ ನಿಲ್ಲುವುದು, ಡಿವೈಡರಿನ ಸಂದಿಯಿಂದ ದನ ನುಗ್ಗುವುದು, ಟೈರು ಒಡೆಯುವುದು. ಅಲ್ಲಿ ಸ್ಟೇರಿಂಗ್ ಕೈಯಿಂದ ತಪ್ಪಿಹೋಗಬಾರದು, ಎರಡೂ ಕೈಗಳಿಗೆ ಸಮನಾದ ಹತೋಟಿ ಇರಬೇಕು, ಒಂದೇ ಬೀಸಿನಲ್ಲಿ ಅರ್ಧ ಸುತ್ತು ತಿರುಗಿಸಿ ಮತ್ತೆ ನೇರಕ್ಕೆ ತರಲು ಬರಬೇಕು. ಇದಕ್ಕೆ ಗಡಿಯಾರದ 9 ಮತ್ತು 3ರ ಜಾಗಕ್ಕಿಂತ ಒಳ್ಳೆಯ ಜಾಗವಿಲ್ಲ. ಈಗಿನ ಸ್ಟೇರಿಂಗುಗಳಲ್ಲಿ ಅಡ್ಡಕಡ್ಡಿಗಳು ಸರಿಯಾಗಿ ಅಲ್ಲಿಗೇ ಬಂದು ಸೇರುತ್ತವೆ, ಆ ಸಂದಿನಲ್ಲಿ ಹೆಬ್ಬೆರಳು ಕೂರಲೆಂದೇ ಒಂದು ತಗ್ಗನ್ನೂ ಮಾಡಿರುತ್ತಾರೆ. ಹೆಬ್ಬೆರಳು ಮೊದಲೇ ಕಡ್ಡಿಯನ್ನು ತಾಗಿಕೊಂಡಿದ್ದರೆ ಕಡ್ಡಿಗೆ ಓಡಿ ಬಂದು ಬಡಿಯಲು ಅವಕಾಶವಿಲ್ಲ, ಎರಡೂ ಒಟ್ಟಿಗೇ ತಿರುಗುತ್ತವೆ. ಆದ್ದರಿಂದ ಅಲ್ಲಿ ಹೆಬ್ಬೆರಳನ್ನು ಆ ತಗ್ಗಿನಲ್ಲಿ ಇಡುವುದೇ ಸರಿ. ಇಡುವುದು ಮಾತ್ರ, ಕಚ್ಚಿ ಹಿಡಿಯುವುದಲ್ಲ.

ಡ್ರೈವಿಂಗ್ ಶಾಲೆಯಲ್ಲಿ ಮಗಳಿಗೆ ಹೇಳಿಕೊಟ್ಟದ್ದು 10 ಮತ್ತು 2. ನನಗೂ, ನನ್ನ ಓರಗೆಯವರಿಗೆಲ್ಲ ಹೇಳಿಕೊಟ್ಟದ್ದು ಅದೇ. ದೊಡ್ಡ ಸ್ಟೇರಿಂಗನ್ನು ತೋಳಬಲದಿಂದ ಕೆಳಕ್ಕೆ ಎಳೆಯಬೇಕಿದ್ದ ಕಾಲಕ್ಕೆ ಅದು ತಕ್ಕ ಜಾಗವೇ ಆಗಿತ್ತು, ಎತ್ತರದಿಂದ ಎಳೆದರೆ ಮೈಭಾರವೂ ಸಹಾಯಕ್ಕೆ ಬರುತ್ತದೆ. ಆದರೆ 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಪ್ರತಿ ಹೊಸ ಕಾರಿನಲ್ಲಿಯೂ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅಂದರೆ ನಮ್ಮ ಎದೆಯ ಮುಂದಿರುವ ಆ ಸ್ಟೇರಿಂಗಿನ ಹೊಕ್ಕುಳಲ್ಲಿ ಈಗ ಒಂದು ಸಿಡಿಮದ್ದು ಮಡಚಿ ಕುಳಿತಿದೆ. ಡಿಕ್ಕಿಯಾದ ಕೂಡಲೇ ಅದು ಒಂದು ಸೆಕೆಂಡಿನ ಸುಮಾರು 30ರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುತ್ತದೆ. ಕಣ್ಣು ರೆಪ್ಪೆ ಬಡಿಯಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬೇಕು. 10 ಮತ್ತು 2ರಲ್ಲಿ ಕೈಗಳು ಆ ಚೀಲ ಹೊರಬರುವ ದಾರಿಯ ಮೇಲಿರುತ್ತವೆ, ಉಬ್ಬುವ ಚೀಲ ಅವನ್ನು ಚಾಲಕನ ಮುಖದತ್ತಲೇ ಎಸೆಯಬಲ್ಲದು. ಒಂದೇ ಕೈಯನ್ನು 12ರ ನೆತ್ತಿಯ ಮೇಲೆ ಇಳಿಬಿಟ್ಟು, ಇನ್ನೊಂದನ್ನು ಗೇರಿನ ಮೇಲೆ ಮರೆತು ಹೋಗುವ ನಮ್ಮ ಹೆದ್ದಾರಿಯ ಅಭ್ಯಾಸ ಇದಕ್ಕಿಂತಲೂ ಕೆಟ್ಟದು. ಆ ಮುಂಗೈ ನೇರವಾಗಿ ಚೀಲದ ಎದುರಿಗೇ ಇರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 9 ಮತ್ತು 3ಕ್ಕೆ ಒಲವು ತೋರಿಸಿರುವುದಕ್ಕೆ ಇದೂ ಒಂದು ಕಾರಣ. ಎದೆಮೂಳೆಗೂ ಸ್ಟೇರಿಂಗಿನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಬೇಕೆಂದೂ ಅದು ಹೇಳುತ್ತದೆ.

ಇನ್ನೊಂದು ಹಿಡಿತದ ಬಗ್ಗೆ ನಾನು ಮಗಳಿಗೆ ಗಟ್ಟಿಯಾಗಿಯೇ ಹೇಳಿದ್ದೇನೆ. ಯು-ಟರ್ನ್ ತೆಗೆದುಕೊಳ್ಳುವಾಗ ಕೈಯನ್ನು ಸ್ಟೇರಿಂಗಿನ ಒಳಗಿನಿಂದ ತೂರಿಸಿ, ಅಂಗೈಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಬಾವಿಯಿಂದ ಹಗ್ಗ ಸೇದುವಂತೆ ಬಳೆಯನ್ನು ಸೇದುವವರು ನಮ್ಮಲ್ಲಿ ಬಹಳ ಮಂದಿ. ಸ್ಟೇರಿಂಗ್ ಗಡುಸಾಗಿದ್ದ ದಿನಗಳಲ್ಲಿ ಹುಟ್ಟಿದ ಆ ಅಭ್ಯಾಸ ಈಗ ಒಂದು ಬೆರಳಿನಿಂದ ತಿರುಗುವ ಕಾರುಗಳಿಗೂ ಬಂದುಬಿಟ್ಟಿದೆ. ಹಾಗೆ ಹಿಡಿದಾಗ ಮುಂಚಕ್ರ ಫುಟ್‌ಪಾತಿನ ಅಂಚಿಗೆ ಬಡಿದರೆ ಮಣಿಕಟ್ಟು ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಏರ್‌ಬ್ಯಾಗ್ ತೆರೆದುಕೊಂಡರೆ ತೋಳೇ ಅದರ ಬಾಯಿಗೆ ಅಡ್ಡ ಬರುತ್ತದೆ. ಹೆಬ್ಬೆರಳಿನ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು. ಇದರ ಬಗ್ಗೆ ಇರಲು ಸಾಧ್ಯವಿಲ್ಲ.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು, ಬಲ ಎತ್ತಣಿಂದ ಎತ್ತ ಹೋಗುತ್ತಿದೆ ಎಂಬುದು. ಸ್ಟೇರಿಂಗ್ ಎಂದರೆ ನಾವು ಕಾರಿಗೆ ಹೇಳುವ ಮಾತು ಎಂದಷ್ಟೇ ನಾವು ತಿಳಿದಿರುತ್ತೇವೆ. ಅದು ರಸ್ತೆ ನಮಗೆ ಹೇಳುವ ಮಾತೂ ಹೌದು. ಒಂದು ಟೈರಿನ ಗಾಳಿ ಇಳಿದಿದ್ದರೆ ಸ್ಟೇರಿಂಗ್ ಆ ಬದಿಗೆ ಎಳೆಯುತ್ತದೆ. ಬ್ಯಾಲೆನ್ಸ್ ತಪ್ಪಿದ್ದರೆ ಒಂದು ವೇಗ ದಾಟಿದೊಡನೆ ಅದುರತೊಡಗುತ್ತದೆ. ಸಕಲೇಶಪುರ ದಾಟಿದ ಮೇಲೆ ಆಷಾಢದ ಮಳೆಯಲ್ಲಿ ರಸ್ತೆಯ ಮೇಲೆ ನಿಂತ ನೀರಿಗೆ ವೇಗವಾಗಿ ಹೋದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಗೂ ಮಳೆಯ ಸದ್ದಷ್ಟೇ. ಸ್ಟೇರಿಂಗ್ ಮಾತ್ರ ತಟ್ಟನೆ ಹಗುರಾಗುತ್ತದೆ, ಕೈಯಲ್ಲಿದ್ದ ತೂಕವನ್ನು ಯಾರೋ ಎತ್ತಿಕೊಂಡಂತೆ. ಮುಷ್ಟಿ ಕಟ್ಟಿ ಹಿಡಿದ ಕೈಗೆ ಇದು ತಡವಾಗಿ ತಿಳಿಯುತ್ತದೆ, ಏಕೆಂದರೆ ಸ್ನಾಯುಗಳು ತಮ್ಮದೇ ಬಿಗಿತದಿಂದ ನಡುಗುತ್ತಿರುವಾಗ ರಸ್ತೆಯ ಸಣ್ಣ ನಡುಕ ಅದರಲ್ಲಿ ಮುಳುಗಿಹೋಗುತ್ತದೆ. ನಾಡಿ ಹಿಡಿಯುವವರು ಮಣಿಕಟ್ಟನ್ನು ಹಿಸುಕುವುದಿಲ್ಲ. ಕಚ್ಚಿ ಹಿಡಿಯುವ ಕೈಯಲ್ಲಿ ಬಿಗಿತ ಮೊದಲು ಹುಟ್ಟುವುದು ಹೆಬ್ಬೆರಳಿನ ಬುಡದ ಆ ದಪ್ಪ ಮಾಂಸಖಂಡದಲ್ಲಿ. ಅಲ್ಲಿಂದ ಅದು ಮುಂಗೈಗೆ, ಹೆಗಲಿಗೆ, ಕತ್ತಿಗೆ ಏರುತ್ತದೆ. ಬೆಂಗಳೂರಿನಿಂದ ಊರಿಗೆ ಓಡಿಸಿಕೊಂಡು ಬಂದು ಕತ್ತು ನೋವೆಂದು ಎಣ್ಣೆ ಹಚ್ಚಿಸಿಕೊಳ್ಳುವ ಬಂಧುಗಳಿಗೆ ನಾನು ಮೊದಲು ಹೇಳುವುದು ಹೆಬ್ಬೆರಳನ್ನು ಸಡಿಲಿಸಿ ಎಂದು.

ಹೀಗಾಗಿ ಮಾವನ ಮಾತನ್ನು ನಾನು ಬಿಟ್ಟಿಲ್ಲ, ಅದರ ಎಲ್ಲೆಯನ್ನು ಗುರುತಿಸಿಕೊಂಡಿದ್ದೇನೆ. ತೋಟದ ದಾರಿ, ಉತ್ತ ಗದ್ದೆಯ ಟ್ರ್ಯಾಕ್ಟರು, ಕಲ್ಲುಬಂಡೆಗಳ ಏರು, ಇಂಥಲ್ಲಿ ರಸ್ತೆ ಕೈಗೆ ಹೊಡೆಯುತ್ತದೆ. ಅಲ್ಲಿ ಹೆಬ್ಬೆರಳು ಬಳೆಯ ಮೇಲೆ, ಉಳಿದ ಬೆರಳುಗಳ ಜೊತೆಗೇ. ಕೊಡಚಾದ್ರಿಗೆ ಹತ್ತುವ ಜೀಪುಗಳಲ್ಲಿ ಮುಂದಿನ ಸೀಟಿನಲ್ಲಿ ಕುಳಿತವರು ಇದನ್ನು ಕಣ್ಣಾರೆ ನೋಡಬಹುದು: ಗುಂಡಿಯಿಂದ ಗುಂಡಿಗೆ ಜೀಪು ಹೊರಳಾಡುತ್ತಿದ್ದರೂ ಡ್ರೈವರಣ್ಣನ ಅಂಗೈಯಲ್ಲಿ ಸ್ಟೇರಿಂಗ್ ಸ್ವಲ್ಪ ಅತ್ತ ಸ್ವಲ್ಪ ಇತ್ತ ಆಡುತ್ತಲೇ ಇರುತ್ತದೆ, ಅವರು ಅದನ್ನು ತಡೆಯುವುದಿಲ್ಲ, ಹೋಗಬೇಕಾದ ಕಡೆಯಿಂದ ಆಚೆ ಹೋಗದಂತೆ ಕಾಯುತ್ತಾರೆ ಅಷ್ಟೆ. ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿಯೂ ಇಂಥ ದಾರಿಯಲ್ಲಿ ಹೆಬ್ಬೆರಳು ಹೊರಗಿರುವುದು ಒಳ್ಳೆಯದು. ಹಳ್ಳ ದಾಟುವಾಗಲೋ ಏರಿನಲ್ಲೋ ಎಂಜಿನ್ ನಿಂತುಹೋದರೆ ಎಣ್ಣೆಯ ಒತ್ತಡದ ಸಹಾಯವೂ ಅದರ ಜೊತೆಗೇ ಹೋಗುತ್ತದೆ, ಗಾಡಿ ಹಿಂದಕ್ಕೆ ಜಾರಿ ಚಕ್ರ ಕಲ್ಲಿಗೆ ತಾಗಿದರೆ ಹಳೆಯ ಜೀಪಿನ ಒದೆತವೇ ಮತ್ತೆ ಬರುತ್ತದೆ. ಇನ್ನು ರೇಸಿನವರ ವಿಷಯ. ಫಾರ್ಮುಲಾ ಕಾರುಗಳ ಚಾಲಕರು ಗೋಡೆಗೆ ಬಡಿಯುವುದು ಖಚಿತವೆಂದು ಕಂಡೊಡನೆ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು ಎದೆಗೆ ಒತ್ತಿಕೊಳ್ಳುತ್ತಾರೆ. ಮಾವನ ಮಾತಿನ ಕೊನೆಯ ರೂಪ ಅದು ಎಂದು ನನಗೆ ಅನ್ನಿಸುತ್ತದೆ, ಆದರೆ ಅದು ಪಟ್ಟಿಗಳಿಂದ ಬಿಗಿದುಕೊಂಡವರಿಗೆ ಮಾತ್ರ ಸಲ್ಲುವಂಥದ್ದು. ರಸ್ತೆಯ ಮೇಲೆ ಕೊನೆಯ ಗಳಿಗೆಯವರೆಗೂ ತಿರುಗಿಸುತ್ತಲೇ ಇರಬೇಕು, ಎದುರಿಗೆ ಗೋಡೆಯಲ್ಲ, ಜನ ಇರುತ್ತಾರೆ.

ಮಗಳು 9 ಮತ್ತು 3ಕ್ಕೆ ಒಪ್ಪಿದಳು, ಆದರೆ ಎರಡು ದಿನದ ನಂತರ ಹೆಗಲು ಸೋಲುತ್ತದೆ ಎಂದಳು. ಸ್ನೇಹಿತೆಯೊಬ್ಬಳು 8 ಮತ್ತು 4 ಹಗುರವೆಂದು ಹೇಳಿದ್ದಳಂತೆ. ಏರ್‌ಬ್ಯಾಗಿನ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ, ದೂರದ ನೇರ ರಸ್ತೆಯಲ್ಲಿ ನಾನೂ ಒಮ್ಮೊಮ್ಮೆ ಅಲ್ಲಿಗೆ ಇಳಿಯುತ್ತೇನೆ. ಆದರೆ ಊರಿನೊಳಗೆ, ತಿರುವುಗಳಲ್ಲಿ, ಆ ಜಾಗದಿಂದ ತಟ್ಟನೆ ತಿರುಗಿಸಲು ಸಿಗುವ ಹರವು ಕಡಿಮೆ. ಕಲಿಯುವವರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಹೆಗಲು ಸೋಲುವುದೇಕೆ ಎಂದು ನೋಡಲು ಅವಳನ್ನು ಸೀಟಿನಲ್ಲಿ ಕೂರಿಸಿ, ಬೆನ್ನು ಹೆಗಲು ಎರಡೂ ಸೀಟಿಗೆ ಒರಗಿರುವಂತೆಯೇ ಕೈಗಳನ್ನು ಮುಂದಕ್ಕೆ ಚಾಚಲು ಹೇಳಿದೆ. ಬಳೆಯ ನೆತ್ತಿಯ ಮೇಲೆ ಮಣಿಕಟ್ಟು ಕೂರಬೇಕು. ಅವಳಿಗೆ ಬೆರಳ ಬುಡವಷ್ಟೇ ತಲುಪಿತು. ಇಷ್ಟು ದಿನ ಅವಳು ಸ್ಟೇರಿಂಗನ್ನು ತಿರುಗಿಸುತ್ತಿರಲಿಲ್ಲ, ಅದಕ್ಕೆ ಜೋತುಬಿದ್ದಿದ್ದಳು. ಜೋತುಬಿದ್ದವರು ಹೆಬ್ಬೆರಳನ್ನು ಸಡಿಲಿಸುವುದು ಹೇಗೆ? ಸೀಟನ್ನು ಎರಡು ಹಲ್ಲು ಮುಂದಕ್ಕೆ ಸರಿಸಿ, ಬೆನ್ನೊರಗನ್ನು ಒಂದಿಷ್ಟು ನೇರ ಮಾಡಿ, ಎದೆಯಿಂದ ಸ್ಟೇರಿಂಗಿಗೆ ಒಂದು ಗೇಣಿಗಿಂತ ಹೆಚ್ಚು ಅಂತರ ಉಳಿದಿದೆಯೆಂದು ನೋಡಿಕೊಂಡೆವು. ಮೊಣಕೈ ತಾನಾಗಿಯೇ ಬಾಗಿ ಕೆಳಗಿಳಿಯಿತು. ಆ ಸಂಜೆ ರಿಂಗ್ ರಸ್ತೆಯನ್ನು ಒಂದು ಸುತ್ತು ಹಾಕಿ ಬರುವವರೆಗೂ ಅವಳ ಕೈಗಳನ್ನು ಗಮನಿಸುತ್ತಿದ್ದೆ. ಹೆಬ್ಬೆರಳುಗಳು ಕಡ್ಡಿಯ ಮೇಲಿನ ತಗ್ಗಿನಲ್ಲಿ ಸುಮ್ಮನೆ ಕುಳಿತಿದ್ದವು.